ಹಳೆಯ ಕಾಲುಪೇಟಿಯ ಹಿತ್ತಾಳೆ ಬಿಜಾಗರಿಗಳನ್ನು ಪಾಲಿಶ್ ಕೆಡದಂತೆ ಬಿಚ್ಚುವುದು ಹೇಗೆ?

ಬೆಟಗೇರಿ ವಾಸಿ, ಗದಗ

ಎಲ್ಲರಿಗೂ ನಮಸ್ಕಾರ. ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿದ್ದ ನಮ್ಮ ಸೋದರಮಾವನವರ ಕಾಲುಪೇಟಿ, ಅಂದರೆ ಕಾಲಿನಿಂದ ತಿದಿಯೊತ್ತಿ ನುಡಿಸುವ ಹಾರ್ಮೋನಿಯಂ, ಈಗ ನಮ್ಮ ಮನೆಗೆ ಬಂದಿದೆ. ಸ್ವರಗಳು ಬಹುಮಟ್ಟಿಗೆ ಸರಿಯಾಗಿವೆ. ತಿದಿಯ ತೊಗಲನ್ನು ಇಲ್ಲಿಯೇ ಒಬ್ಬರು ಬದಲಿಸಿ ಕೊಟ್ಟಿದ್ದಾರೆ. ಉಳಿದಿರುವ ತೊಡಕು ಹೊರಮೈಯದು. ಸಾಗವಾನಿಯ ಮೇಲುಮುಚ್ಚಳದಲ್ಲಿ ಬಿಜಾಗರಿಯ ಪಕ್ಕದಿಂದಲೇ ಒಂದು ಬಿರುಕು ಹೊರಟಿದ್ದು, ಅದನ್ನು ಅಂಟಿಸಿ ಬಿಗಿಯಬೇಕಾದರೆ ಮುಚ್ಚಳವನ್ನು ಪೆಟ್ಟಿಗೆಯಿಂದ ಬೇರೆ ಮಾಡಲೇಬೇಕು. ಆದರೆ ಬಿಜಾಗರಿಯ ತಿರುಪುಗಳಲ್ಲಿ ಒಂದೂ ಅಲುಗುತ್ತಿಲ್ಲ. ಎರಡು ತಿರುಪುಗಳ ತಲೆಯ ಕಚ್ಚನ್ನು, ಅಂದರೆ ಸ್ಕ್ರೂಡ್ರೈವರಿನ ಬಾಯಿ ಕೂರುವ ಸೀಳನ್ನು, ಹಿಂದೆ ಯಾರೋ ಸವೆಸಿಬಿಟ್ಟಿದ್ದಾರೆ. ಉಳಿದವುಗಳ ಕಚ್ಚಿನಲ್ಲಿ ಹಳೆಯ ಪಾಲಿಶ್ ತುಂಬಿ ಗಟ್ಟಿಯಾಗಿದೆ.

ಬಿಜಾಗರಿಗಳ ಜೊತೆಗೆ ಮುಂಬದಿಯ ಬೀಗದ ತಗಡು, ಎರಡೂ ಪಕ್ಕದ ಹಿಡಿಕೆಗಳು ಮತ್ತು ಮೂಲೆಗಳಿಗೆ ಹಾಕಿದ ಹಿತ್ತಾಳೆ ಪಟ್ಟಿಗಳೂ ಇವೆ. ಅವೆಲ್ಲ ಕಿಲುಬು ಹಿಡಿದು ಹಸಿರಾಗಿವೆ. ಬಿಚ್ಚುವುದು ಸಾಧ್ಯವಾದರೆ ಎಲ್ಲವನ್ನೂ ಬಿಚ್ಚಿ ತೊಳೆಯಬೇಕೆಂಬ ಆಸೆಯಿದೆ. ಪೇಟಿಯ ಪಾಲಿಶ್ ಮಾತ್ರ ಕಪ್ಪುಗೆಂಪು ಬಣ್ಣದ್ದು, ಈಗಲೂ ಮುಖ ಕಾಣುವಷ್ಟು ಹೊಳಪಿದೆ. ಅಂಥ ಬಣ್ಣವನ್ನು ಈಗ ಯಾರಿಂದಲೂ ಕೂಡಿಸಿ ತರಿಸುವುದು ಕಷ್ಟವೆಂದು ನಾನು ವಿಚಾರಿಸಿದ ಬಡಿಗೇರರೆಲ್ಲ ಹೇಳಿದ್ದಾರೆ. ಆದ್ದರಿಂದ ಪೇಟಿಯ ಮೈಗೆ ಗೀರು ಬೀಳುವುದಾಗಲಿ, ಬಿಜಾಗರಿಯ ಅಂಚಿನಲ್ಲಿ ಪಾಲಿಶ್ ಸಿಪ್ಪೆಯಂತೆ ಏಳುವುದಾಗಲಿ ನನಗೆ ಬೇಡ.

ಹಾರ್ಡ್‌ವೇರ್ ಅಂಗಡಿಯವರು ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಸುತ್ತಿಗೆಯಿಂದ ಬಡಿದು ತಿರುಗಿಸುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಬಳಸಲು ಹೇಳಿದರು. ಮೋಟಾರ್ ಸೈಕಲ್ಲಿಗೆ ಸರಿಹೋಗುವ ಆ ಉಪಾಯ ಪೇಟಿಗೆ ಸರಿಹೋಗುತ್ತದೆಯೇ ಎಂಬ ಅನುಮಾನದಿಂದ ಇಲ್ಲಿ ಕೇಳುತ್ತಿದ್ದೇನೆ. ಎಣ್ಣೆ ಹಾಕಬಹುದೇ? ಕಾಯಿಸಬಹುದೇ? ಕಚ್ಚು ಸವೆದ ತಿರುಪನ್ನು ಹೊರಗೆ ತೆಗೆಯುವ ದಾರಿ ಯಾವುದು? ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಹಳೇಹುಬ್ಬಳ್ಳಿ ಬಡಿಗೇರ

ಇಂಪ್ಯಾಕ್ಟ್ ಸ್ಕ್ರೂಡ್ರೈವರನ್ನು ಪೇಟಿಯ ಹತ್ತಿರವೂ ಒಯ್ಯಬೇಡಿರಿ. ಅದರ ಹೊಡೆತಕ್ಕೆ ಹಿತ್ತಾಳೆ ತಿರುಪಾದರೆ ತಲೆ ಕಡಿದುಹೋಗುತ್ತದೆ. ಕಬ್ಬಿಣದ್ದಾದರೆ ಪೆಟ್ಟು ನೇರವಾಗಿ ಮುಚ್ಚಳದ ಬಿರುಕಿಗೆ ತಾಗಿ ಅದು ಇನ್ನಷ್ಟು ಸೀಳುತ್ತದೆ.

ತಿರುಪಿನ ವಿಚಾರಕ್ಕೆ ಹೋಗುವ ಮೊದಲು ಪಾಲಿಶ್ ಯಾವುದು ಎಂಬುದನ್ನು ಖಚಿತ ಮಾಡಿಕೊಳ್ಳಿರಿ, ಏಕೆಂದರೆ ಮುಂದಿನ ಎಲ್ಲ ಕೆಲಸವೂ ಅದರ ಮೇಲೆ ನಿಂತಿದೆ. ತಿರುಪು ಕೆಟ್ಟರೆ ಬೇರೊಂದು ಸಿಗುತ್ತದೆ, ಬಿಜಾಗರಿ ಕೆಟ್ಟರೂ ಮಾಡಿಸಬಹುದು. ಆ ಕಾಲದ ಪಾಲಿಶ್ ಹೋದರೆ ಹೋಯಿತು. ನೀವು ಹೇಳುವ ಕಪ್ಪುಗೆಂಪು ಹೊಳಪನ್ನು ನೋಡಿದರೆ ಅದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಅರಿವೆಯ ಗದ್ದಿಯಿಂದ ಮೇಲಿಂದ ಮೇಲೆ ತಿಕ್ಕಿದ ಫ್ರೆಂಚ್ ಪಾಲಿಶ್ ಇರಬೇಕು. ಪರೀಕ್ಷೆ ಸುಲಭವಿದೆ. ಪೇಟಿಯ ತಳಭಾಗದಲ್ಲೋ ಹಿಂಬದಿಯಲ್ಲೋ ಕಣ್ಣಿಗೆ ಬೀಳದ ಒಂದು ಜಾಗದಲ್ಲಿ, ಕಿವಿ ಒರೆಸುವ ಹತ್ತಿಯ ಕಡ್ಡಿಗೆ ಪಾಲಿಶ್ ಮಾಡುವ ಸ್ಪಿರಿಟ್ ಹಚ್ಚಿ, ಸಾಸಿವೆಯಷ್ಟು ಜಾಗಕ್ಕೆ ಮುಟ್ಟಿಸಿರಿ. ಕೆಲವು ಕ್ಷಣಗಳಲ್ಲಿ ಅಂಟಂಟಾಗಿ ಕಡ್ಡಿಗೆ ಬಣ್ಣ ಬಂದರೆ ಅದು ಅರಗಿನ ಪಾಲಿಶ್. ಸ್ಪಿರಿಟ್ಟಿಗೆ ಅಷ್ಟಾಗಿ ಜಗ್ಗದೆ ಥಿನ್ನರ್‌ಗೆ ಕೂಡಲೇ ಕರಗಿದರೆ ಲ್ಯಾಕರ್ ಇರಬಹುದು. ಎರಡಕ್ಕೂ ಜಗ್ಗದಿದ್ದರೆ ಮೇಲಿಂದ ಯಾರೋ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಎಂಬ ಈಗಿನ ಕಾಲದ ಪಾಲಿಶ್ ಹೊಡೆಸಿದ್ದಾರೆ ಎಂದು ತಿಳಿಯಬಹುದು.

ಇನ್ನೊಂದು ಪರೀಕ್ಷೆ ಅಯಸ್ಕಾಂತದ್ದು. ಪ್ರತಿ ತಿರುಪಿನ ತಲೆಗೂ ಸಣ್ಣ ಅಯಸ್ಕಾಂತ ಹಿಡಿದು ನೋಡಿ, ಯಾವುದು ಕಬ್ಬಿಣ, ಯಾವುದು ಹಿತ್ತಾಳೆ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿರಿ. ಮೇಲೆ ಹಿತ್ತಾಳೆಯ ಬಣ್ಣವಿದ್ದು ಒಳಗೆ ಕಬ್ಬಿಣವಿರುವ ತಿರುಪುಗಳೂ ಉಂಟು. ಕಬ್ಬಿಣದ್ದು ತುಕ್ಕು ಹಿಡಿದು ಉಬ್ಬಿ ಮರವನ್ನು ಕಚ್ಚಿಕೊಂಡಿರುತ್ತದೆ. ಅದಕ್ಕೆ ಬಲ ಹಾಕಬಹುದು. ಹಿತ್ತಾಳೆಯದು ತುಕ್ಕು ಹಿಡಿಯುವುದಿಲ್ಲ, ಆದರೆ ಮೆತ್ತಗಿರುವುದರಿಂದ ಕೈ ಸ್ವಲ್ಪ ಜೋರಾದರೂ ಕುತ್ತಿಗೆಯಲ್ಲಿ ಮುರಿಯುತ್ತದೆ. ಪ್ಲಸ್ ಗುರುತಿನ ತಲೆ ಎಲ್ಲಾದರೂ ಕಂಡರೆ ಅದು ರಿಪೇರಿಯಲ್ಲಿ ಹಾಕಿದ್ದಿರಬಹುದು, ಏಕೆಂದರೆ ಆ ಬಗೆಯ ತಿರುಪು ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ.

ಈಗ ಕಚ್ಚಿನ ವಿಚಾರ. ಒಳಗೆ ತುಂಬಿದ ಪಾಲಿಶ್ ಪೂರ್ತಿ ಬರುವವರೆಗೆ ಸ್ಕ್ರೂಡ್ರೈವರ್ ಮುಟ್ಟಬಾರದು. ದಪ್ಪ ಸೂಜಿಯನ್ನೋ, ಹ್ಯಾಕ್ಸಾ ಬ್ಲೇಡಿನ ಮುರಿದ ತುಂಡನ್ನು ತೆಳ್ಳಗೆ ಸಾಣೆ ಹಿಡಿದೋ, ಕಚ್ಚಿನ ಉದ್ದಕ್ಕೆ ಎಳೆದು ಎಳೆದು ತಳದ ಲೋಹ ಹೊಳೆಯುವವರೆಗೆ ಬಿಡಿಸಿರಿ. ಅಡ್ಡ ಎಳೆಯಬೇಡಿರಿ, ತಪ್ಪಿದರೆ ಪಾಲಿಶಿಗೆ ಗೀರು ಬೀಳುತ್ತದೆ. ಬಹಳಷ್ಟು ಕಚ್ಚುಗಳು ಸವೆಯುವುದು ಈ ಕೆಲಸಕ್ಕೆ ಬೇಸರಪಟ್ಟುಕೊಂಡವರ ಕೈಯಿಂದಲೇ.

ಆಮೇಲೆ ಸ್ಕ್ರೂಡ್ರೈವರ್. ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರಿನ ಬಾಯಿ ಬೆಣೆಯ ಆಕಾರದಲ್ಲಿರುತ್ತದೆ; ಅದು ಕಚ್ಚಿನ ಮೇಲಂಚನ್ನು ಮಾತ್ರ ಹಿಡಿಯುತ್ತದೆ, ಬಲ ಹಾಕಿದೊಡನೆ ಮೇಲಕ್ಕೆ ಜಾರುತ್ತದೆ, ಜಾರಿದ ಬಾಯಿ ನೇರವಾಗಿ ಪಾಲಿಶಿನ ಮೇಲೆ ಓಡುತ್ತದೆ. ನಿಮಗೆ ಬೇಕಾದದ್ದು ಕಚ್ಚಿನ ತಳ ಮುಟ್ಟುವ, ಎರಡೂ ಗೋಡೆಗಳಿಗೆ ಒತ್ತಿ ಕೂಡುವ, ಅಗಲದಲ್ಲಿ ತಿರುಪಿನ ತಲೆಯಷ್ಟೇ ಇರುವ ಬಾಯಿ. ತಲೆಗಿಂತ ಅಗಲವಾದರೆ ಸುತ್ತಲಿನ ತಗಡನ್ನು ಕೊರೆಯುತ್ತದೆ. ಹಳೆಯ ಸ್ಕ್ರೂಡ್ರೈವರ್ ಒಂದನ್ನು ತೆಗೆದುಕೊಂಡು, ಅರದಿಂದಲೋ ಸಾಣೆಕಲ್ಲಿನಿಂದಲೋ ಎರಡೂ ಮೈಗಳನ್ನು ಸಮಾನಾಂತರವಾಗಿ ತಿಕ್ಕಿ, ಈ ಪೇಟಿಯ ತಿರುಪಿಗೆಂದೇ ಒಂದು ಬಾಯಿ ಮಾಡಿಕೊಳ್ಳಿರಿ. ಸಾಣೆಯಲ್ಲಿ ಕಾಯದಂತೆ ನಡುನಡುವೆ ನೀರಿಗೆ ಅದ್ದಬೇಕು, ಇಲ್ಲವಾದರೆ ಉಕ್ಕಿನ ಹದ ಹೋಗಿ ಬಾಯಿ ಮಡಚುತ್ತದೆ.

ಬಾಯಿಯನ್ನು ಕಚ್ಚಿನಲ್ಲಿ ನೆಟ್ಟಗೆ ಕೂರಿಸಿ, ಹಿಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಿರಿ. ಮುಚ್ಚಳದ ಒಳಬದಿಗೆ ಕಂಬಳಿ ಸುತ್ತಿದ ಹಲಗೆಯನ್ನು ಆಸರೆ ಕೊಡದೆ ತಟ್ಟಬಾರದು. ನಂತರ ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಲು ನೋಡಿರಿ. ಅದು ಅಲುಗಿತೆಂದರೆ ತುಕ್ಕಿನ ಹಿಡಿತ ಬಿಟ್ಟಂತೆ, ಮತ್ತೆ ಬಿಚ್ಚುವ ದಿಕ್ಕಿಗೆ ಬರುತ್ತದೆ. ಭುಜದ ಭಾರವನ್ನು ಮೇಲಿನಿಂದ ಒತ್ತುವುದಕ್ಕೆ ಬಳಸಿ, ತಿರುಗಿಸುವುದಕ್ಕೆ ಮಣಿಕಟ್ಟನ್ನು ಮಾತ್ರ ಬಳಸಬೇಕು.

ತಿರುಪುಗಳೆಲ್ಲ ಬಂದ ಮೇಲೂ ಬಿಜಾಗರಿಯನ್ನು ಎಬ್ಬಿಸಬೇಡಿರಿ. ನೀವು ಹೆದರುವ ಸಿಪ್ಪೆ ಏಳುವುದು ಇಲ್ಲಿಯೇ. ಬಿಜಾಗರಿ ಹಾಕಿದ ಮೇಲೆ ಮತ್ತೆ ಪಾಲಿಶ್ ಹೊಡೆದಿದ್ದರೆ, ಮರದ ಮೇಲಿನ ಪದರ ಮತ್ತು ತಗಡಿನ ಅಂಚಿನ ಪದರ ಎರಡೂ ಒಂದೇ ಆಗಿ ಅಂಟಿರುತ್ತವೆ. ಹೊಸ ಬ್ಲೇಡಿನ ಮೊನೆಯನ್ನು ತಗಡಿನ ಅಂಚಿಗೆ ಒರಗಿಸಿ, ಸುತ್ತಲೂ ಹಗುರವಾಗಿ ಹಲವು ಸಲ ಎಳೆದು ಆ ಪದರವನ್ನು ಕೊಯ್ದು ಬೇರೆ ಮಾಡಿದ ನಂತರವೇ ಎಬ್ಬಿಸಬೇಕು. ಎಬ್ಬಿಸುವಾಗ ಉಳಿಯ ಮೊನೆ ಹಾಕಿ ಮೀಟಬಾರದು; ಹಲ್ಲು ಸ್ವಚ್ಛ ಮಾಡುವ ಗಟ್ಟಿ ದಾರವನ್ನು ತಗಡಿನ ಹಿಂದೆ ತೂರಿಸಿ, ಎರಡೂ ಕೈಯಿಂದ ಗರಗಸದಂತೆ ಎಳೆದರೆ ಅದು ತಾನೇ ಬಿಡುತ್ತದೆ.

ಮಾಳಮಡ್ಡಿ, ಧಾರವಾಡ

ಬಡಿಗೇರರು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇಲ್ಲ. ನಮ್ಮ ಮನೆಯಲ್ಲಿ ಒಂದು ಹಳೆಯ ನಿಲುವು ಪಿಯಾನೋ ಇದ್ದು, ಅದರ ಹಿತ್ತಾಳೆ ಸಾಮಾನುಗಳನ್ನು ಬಿಚ್ಚಿಸುವಾಗ ಕಲಿತದ್ದನ್ನು ಇಲ್ಲಿ ಸೇರಿಸುತ್ತೇನೆ. ಪಿಯಾನೋಗಳಲ್ಲಿಯೂ 1920ರ ದಶಕಕ್ಕಿಂತ ಹಿಂದಿನವುಗಳಿಗೆ ಸಾಮಾನ್ಯವಾಗಿ ಇದೇ ಅರಗಿನ ಪಾಲಿಶ್ ಇರುತ್ತದೆ, ಆಮೇಲೆ ಲ್ಯಾಕರ್ ಬಂತು, ಈಗಿನ ಕನ್ನಡಿಯಂಥ ಕಪ್ಪು ಪಿಯಾನೋಗಳಿಗೆ ಪಾಲಿಯೆಸ್ಟರ್ ಹೊಡೆದಿರುತ್ತಾರೆ. ಹೀಗಾಗಿ ನಿಮ್ಮ ಕಾಲುಪೇಟಿಯ ತೊಡಕಿಗೂ ಹಳೆಯ ಪಿಯಾನೋದ ತೊಡಕಿಗೂ ಹೆಚ್ಚಿನ ಅಂತರವಿಲ್ಲ.

ಕಾಯಿಸಬಹುದೇ ಎಂದು ಕೇಳಿದ್ದೀರಿ. ಕಬ್ಬಿಣದ ತಿರುಪಿಗೆ ಕಾವು ಬಹಳ ಒಳ್ಳೆಯ ಉಪಾಯ. ರೇಡಿಯೊ ರಿಪೇರಿಯವರು ಬಳಸುವ ಬೆಸುಗೆ ಕಡ್ಡಿಯ ಮೊನೆಯನ್ನು ತಿರುಪಿನ ತಲೆಗೆ ಒತ್ತಿ ಹಿಡಿದರೆ ತಿರುಪು ಕಾದು ಹಿಗ್ಗುತ್ತದೆ, ಸುತ್ತಲಿನ ತುಕ್ಕಿನ ಪದರ ಬಿರಿಯುತ್ತದೆ, ಆರಿದಾಗ ತಿರುಪು ಕುಗ್ಗಿ ಸಡಿಲವಾಗುತ್ತದೆ. ತಿರುಗಿಸಬೇಕಾದದ್ದು ಆರಿದ ಮೇಲೆಯೇ ಹೊರತು ಕಾದಿರುವಾಗ ಅಲ್ಲ. ಆದರೆ ಅರಗು ಸುಮಾರು 75 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಮೆತ್ತಗಾಗುತ್ತದೆ, ಬೆಸುಗೆ ಕಡ್ಡಿಯ ಮೊನೆಯಾದರೋ 300 ಡಿಗ್ರಿಗೂ ಮೇಲಿರುತ್ತದೆ. ಜೊತೆಗೆ ಹಿತ್ತಾಳೆಯು ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಶಾಖ ಹರಿಸುವುದರಿಂದ, ತಿರುಪಿಗೆ ಕೊಟ್ಟ ಕಾವು ಬಿಜಾಗರಿಯ ತಗಡಿಗೆ ಇಳಿದು ಅದರ ಅಂಚಿನಲ್ಲಿ ಪಾಲಿಶನ್ನು ಗುಳ್ಳೆ ಎಬ್ಬಿಸಬಲ್ಲದು.

ಅದಕ್ಕೆ ನಾವು ಮಾಡಿದ್ದು ಇಷ್ಟು. 25 ವ್ಯಾಟಿನ ಸಣ್ಣ ಕಡ್ಡಿಯನ್ನು ಮಾತ್ರ ಬಳಸಿದೆವು. ಒದ್ದೆ ಅರಿವೆಯ ಸುರುಳಿಯನ್ನು ಚೆನ್ನಾಗಿ ಹಿಂಡಿ ತಗಡಿನ ಮೇಲೆಯೇ, ತಿರುಪಿನ ಸುತ್ತ ಇಟ್ಟೆವು. ಪಾಲಿಶಿಗೆ ನೀರು ತಾಗದಂತೆ ನೋಡಿಕೊಂಡೆವು, ಏಕೆಂದರೆ ಅರಗಿನ ಪಾಲಿಶಿಗೆ ನೀರು ನಿಂತರೆ ಬೆಳ್ಳಗೆ ಮಂಜು ಹಿಡಿಯುತ್ತದೆ. ತಗಡಿನ ಅಂಚಿಗೆ ಬೆರಳಿಟ್ಟುಕೊಂಡೇ ಕಾಯಿಸುವುದು, ಬೆರಳಿಗೆ ಬಿಸಿ ಎನ್ನಿಸಿದೊಡನೆ ಕಡ್ಡಿಯನ್ನು ತೆಗೆಯುವುದು. ಬೆರಳು ತಡೆಯದಷ್ಟು ಬಿಸಿಯಾಗುವ ಹೊತ್ತಿಗೆ ಪಾಲಿಶ್ ಇನ್ನೂ ಮೆತ್ತಗಾಗಿರುವುದಿಲ್ಲ, ಆದ್ದರಿಂದ ಇದಕ್ಕಿಂತ ನಂಬಿಕೆಯ ಥರ್ಮಾಮೀಟರ್ ಬೇಡ. ಒಮ್ಮೆಗೆ ಬಿಡದಿದ್ದರೆ ಪೂರ್ತಿ ಆರಲು ಬಿಟ್ಟು ಮತ್ತೆ ಕಾಯಿಸಬಹುದು. ಹಿತ್ತಾಳೆಯ ತಿರುಪಿಗೆ ಈ ಉಪಾಯ ಬೇಡ. ಅಲ್ಲಿ ಬಿಡಿಸಬೇಕಾದ ತುಕ್ಕೇ ಇರುವುದಿಲ್ಲ.

ಇನ್ನು ಒಂದು ಎಚ್ಚರಿಕೆಯನ್ನು ಯಾರೂ ಹೇಳಿಲ್ಲ. ನೀವು ಮೂಲೆಯ ಪಟ್ಟಿಗಳನ್ನೂ ಬಿಚ್ಚಬೇಕೆಂದಿದ್ದೀರಿ. ಅವು ಅಲಂಕಾರಕ್ಕೆ ಇವೆಯೋ, ಪೆಟ್ಟಿಗೆಯನ್ನು ಹಿಡಿದು ನಿಲ್ಲಿಸಿವೆಯೋ ಎಂಬುದನ್ನು ಮೊದಲು ನೋಡಿರಿ. ಬಿಸಿಲು ಮತ್ತು ಮಳೆಯ ನಾಡುಗಳಿಗೆಂದು ವಿಲಾಯತಿಯಲ್ಲಿ ಮಾಡಿದ ಪಿಯಾನೋಗಳಲ್ಲಿ, ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡುವ ಸರೇಸಿನ ಅಂಟು ಇಲ್ಲಿಯ ತೇವಕ್ಕೆ ಬಿಡುತ್ತದೆಂದು ತಿಳಿದು, ಹಲಗೆಗಳು ಸೇರುವ ಕೂಡುಗಳನ್ನು ಹಿತ್ತಾಳೆಯ ತಿರುಪು ಮತ್ತು ಪಟ್ಟಿಗಳಿಂದ ಬಿಗಿದಿರುತ್ತಿದ್ದರು. ನಾಟಕ ಕಂಪನಿಯೊಂದಿಗೆ ಊರಿಂದೂರಿಗೆ ಬಂಡಿ, ಲಾರಿಗಳಲ್ಲಿ ತಿರುಗಿದ ಕಾಲುಪೇಟಿಯಲ್ಲಿ ಮೂಲೆಯ ಕೂಡುಗಳ ಅಂಟು ಎಂದೋ ಬಿಟ್ಟುಹೋಗಿ, ಈಗ ಪಟ್ಟಿಗಳ ಬಲದ ಮೇಲೆಯೇ ನಿಂತಿರಬಹುದು. ಅಂಥದ್ದನ್ನು ಬಿಚ್ಚಿದರೆ ಪೆಟ್ಟಿಗೆ ಕದಲುತ್ತದೆ, ಕದಲಿದ ಕೂಡಿನ ಉದ್ದಕ್ಕೂ ಪಾಲಿಶ್ ಬಿರಿಯುತ್ತದೆ, ಒಳಗಿನ ಗಾಳಿಯ ಕೋಣೆ ಸೋರತೊಡಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬಿಜಾಗರಿಗಳನ್ನು ಬಿಚ್ಚಿರಿ, ಏಕೆಂದರೆ ಬಿರುಕು ಅಂಟಿಸುವುದು ಅಗತ್ಯದ ಕೆಲಸ. ಮೂಲೆಯ ಪಟ್ಟಿಗಳನ್ನು ಇದ್ದಲ್ಲಿಯೇ ಬಿಡಿರಿ.

ರಾಣೇಬೆನ್ನೂರಿನಿಂದ

ಇಷ್ಟೆಲ್ಲ ಏಕೆ ಎಂದು ಕೇಳಬೇಕೆನಿಸುತ್ತದೆ. ನಾವು ಟ್ರ್ಯಾಕ್ಟರ್ ಬಿಡಿಭಾಗಗಳ ಕೆಲಸ ಮಾಡುವವರು. ಸೀಮೆಎಣ್ಣೆಯನ್ನು ತಿರುಪಿಗೆ ಹನಿಸಿ ಒಂದು ರಾತ್ರಿ ಬಿಟ್ಟರೆ ಬಿಡದ ತಿರುಪನ್ನು ನಾನು ಕಂಡಿಲ್ಲ. ಸೀಮೆಎಣ್ಣೆ ಸಿಗದಿದ್ದರೆ ತುಕ್ಕು ಬಿಡಿಸುವ ಡಬ್ಲ್ಯುಡಿ-40 ಸ್ಪ್ರೇ ಇದೆ. ಅರಗಿನ ಪಾಲಿಶ್ ಸ್ಪಿರಿಟ್ಟಿಗೆ ಕರಗುತ್ತದೆ, ಸೀಮೆಎಣ್ಣೆಗೆ ಕರಗುವುದಿಲ್ಲ. ಹಾಗಿರುವಾಗ ಅದರಿಂದ ಪಾಲಿಶಿಗೆ ಏನು ತೊಂದರೆ?

ಹಳೇಹುಬ್ಬಳ್ಳಿ ಬಡಿಗೇರ

ಅಣ್ಣಾವರೇ, ಅರಗು ಸೀಮೆಎಣ್ಣೆಗೆ ಕರಗುವುದಿಲ್ಲ ಎಂಬ ನಿಮ್ಮ ಮಾತು ನಿಜ. ತೊಂದರೆ ಬೇರೆ ಕಡೆಗಿದೆ. ಟ್ರ್ಯಾಕ್ಟರಿನಲ್ಲಿ ಬೋಲ್ಟು ಕಬ್ಬಿಣದ ತೂತಿನಲ್ಲಿ ಕೂತಿರುತ್ತದೆ. ಎಣ್ಣೆಗೆ ಹೋಗಲು ಎರಡು ಲೋಹಗಳ ನಡುವಿನ ಸಂದಿಯ ಹೊರತು ಬೇರೆ ದಾರಿಯಿಲ್ಲ, ಆದ್ದರಿಂದ ಅದು ತುಕ್ಕಿನವರೆಗೆ ತಲುಪುತ್ತದೆ. ಇಲ್ಲಿ ತಿರುಪು ಕೂತಿರುವುದು ಮರದಲ್ಲಿ. ಹನಿಸಿದ ಎಣ್ಣೆಯ ಬಹುಪಾಲನ್ನು ಮರ ಹೀರಿಕೊಳ್ಳುತ್ತದೆ, ಕೆಳಗಿನ ಹಲ್ಲುಗಳವರೆಗೆ ಹೋಗುವುದು ಸ್ವಲ್ಪವೇ. ಹೀರಿದ ಎಣ್ಣೆ ಪಾಲಿಶಿನ ಕೆಳಗೆ ಹರಡಿ ಕಪ್ಪು ವರ್ತುಲ ಮಾಡುತ್ತದೆ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಈ ಪೇಟಿಯ ಬಿರುಕು ಬಿಜಾಗರಿಯ ಪಕ್ಕದಿಂದಲೇ ಹೊರಟಿದೆ. ಎಣ್ಣೆ ಆ ಬಿರುಕಿಗೆ ಇಳಿದರೆ ಮುಂದೆ ಯಾವ ಅಂಟೂ ಅಲ್ಲಿ ಹಿಡಿಯುವುದಿಲ್ಲ, ಮುಚ್ಚಳ ಬಿಚ್ಚಿದ ಉದ್ದೇಶವೇ ಹಾಳಾಗುತ್ತದೆ. ಸಿಲಿಕೋನ್ ಇರುವ ಸ್ಪ್ರೇಗಳಾದರೆ ಇನ್ನೂ ಕೆಟ್ಟದ್ದು. ಮುಂದೆ ಆ ಜಾಗಕ್ಕೆ ಪಾಲಿಶ್ ಹೊಡೆದಾಗ ಅದು ಕೂಡಿಕೊಳ್ಳದೆ ಮೀನಿನ ಕಣ್ಣಿನಂತೆ ಗುಂಡು ಗುಂಡಾಗಿ ಬಿಟ್ಟು ನಿಲ್ಲುತ್ತದೆ. ಸ್ಪ್ರೇಯ ತುಂತುರು ಒಳಗಿನ ಸ್ವರಗಳ, ಅಂದರೆ ನಾದ ಹೊರಡಿಸುವ ಲೋಹದ ನಾಲಗೆಗಳ, ಮೇಲೆ ಬಿದ್ದು ಧೂಳು ಹಿಡಿದರೆ ಶ್ರುತಿಯೂ ಕೆಡುತ್ತದೆ.

ಬಿಜಾಗರಿ ಹೊರಗೆ ಬಂದ ಮೇಲೆ ಅದರ ಕಡ್ಡಿ ಬಿಗಿದುಕೊಂಡಿದ್ದರೆ, ಆಗ ನಿಮ್ಮ ಸೀಮೆಎಣ್ಣೆಯಲ್ಲಿ ರಾತ್ರಿಯೆಲ್ಲ ನೆನೆಸಲಿ. ಅದಕ್ಕೆ ನನ್ನ ಅಡ್ಡಿಯಿಲ್ಲ.

ಬೆಟಗೇರಿ ವಾಸಿ, ಗದಗ

ಎಲ್ಲರಿಗೂ ಧನ್ಯವಾದಗಳು. ಹೇಳಿದ ಪರೀಕ್ಷೆಗಳನ್ನು ಮಾಡಿದೆ. ಸ್ಪಿರಿಟ್ ಮುಟ್ಟಿಸಿದ ಕೂಡಲೇ ಹತ್ತಿ ಕೆಂಪಾಗಿ ಅಂಟಿಕೊಂಡಿತು, ಆದ್ದರಿಂದ ಅರಗಿನ ಪಾಲಿಶ್ ಎಂಬುದು ಖಚಿತವಾಯಿತು. ಬಿಜಾಗರಿಯ ತಿರುಪುಗಳೆಲ್ಲ ಕಬ್ಬಿಣದವು. ಬೀಗದ ತಗಡು ಮತ್ತು ಹಿಡಿಕೆಗಳ ತಿರುಪುಗಳು ಹಿತ್ತಾಳೆಯವು. ಮೂಲೆಯ ಪಟ್ಟಿಗಳ ಕೂಡುಗಳನ್ನು ಬೆರಳಿನಿಂದ ಒತ್ತಿ ನೋಡಿದರೆ ಒಂದು ಕಡೆ ಸಣ್ಣಗೆ ಅಲುಗುತ್ತದೆ, ಆದ್ದರಿಂದ ಅವುಗಳನ್ನು ಮುಟ್ಟುವ ಯೋಚನೆ ಬಿಟ್ಟಿದ್ದೇನೆ.

ಸ್ಕ್ರೂಡ್ರೈವರಿನ ಬಾಯಿಯನ್ನು ತಿಕ್ಕಿಸಿಕೊಂಡು ಬಂದ ಮೇಲೆ ಹಿತ್ತಾಳೆಯ ತಿರುಪುಗಳು ಅಷ್ಟೇನೂ ಬಲವಿಲ್ಲದೆ ಬಂದವು. ಬಿಜಾಗರಿಯ ಕಬ್ಬಿಣದ ತಿರುಪುಗಳಲ್ಲಿ ಕಚ್ಚು ಚೆನ್ನಾಗಿರುವುವು ಎರಡನೆಯ ಸಲದ ಕಾವಿಗೆ ಬಿಟ್ಟವು. ಪಾಲಿಶಿಗೆ ಏನೂ ಆಗಿಲ್ಲ. ಈಗ ಉಳಿದಿರುವುದು ಕಚ್ಚು ಸವೆದ ಆ ಎರಡೇ. ಅವುಗಳ ತಲೆ ತಗಡಿನ ಮಟ್ಟಕ್ಕೆ ಸಮನಾಗಿ ಕೂತಿರುವುದರಿಂದ ಇಕ್ಕಳಕ್ಕೆ ಹಿಡಿತ ಸಿಗುವುದಿಲ್ಲ. ಮುಂದೇನು ಮಾಡಬೇಕು?

ಹಳೇಹುಬ್ಬಳ್ಳಿ ಬಡಿಗೇರ

ಮೊದಲು ಕಚ್ಚನ್ನು ಹೊಸದಾಗಿ ಕೊಯ್ಯಲು ನೋಡಿರಿ. ಹ್ಯಾಕ್ಸಾ ಬ್ಲೇಡಿನ ಮುರಿದ ತುಂಡಿನ ತುದಿಯಿಂದ ಹಳೆಯ ಕಚ್ಚನ್ನೇ ಅರ್ಧ ಮಿಲಿಮೀಟರಿನಷ್ಟು ಆಳ ಮಾಡಿದರೆ ಅನೇಕ ಸಲ ಸ್ಕ್ರೂಡ್ರೈವರಿಗೆ ಸಾಕಾಗುತ್ತದೆ. ಆ ಕೆಲಸಕ್ಕೆ ತಗಡಿನ ಸುತ್ತಲಿನ ಪಾಲಿಶಿನ ಮೇಲೆ ಗಟ್ಟಿ ರಟ್ಟಿನ ಹಾಳೆಯಲ್ಲಿ ಬಿಜಾಗರಿಯ ಆಕಾರ ಕತ್ತರಿಸಿ ಹೊದಿಸಿರಿ. ಅಂಟುಪಟ್ಟಿ ಹಚ್ಚಬೇಡಿರಿ, ಹಳೆಯ ಅರಗು ಮರವನ್ನು ಎಷ್ಟು ಬಿಗಿಯಾಗಿ ಹಿಡಿದಿದೆಯೋ ಗೊತ್ತಿಲ್ಲದಿರುವಾಗ ಪಟ್ಟಿ ಕೀಳುವಾಗ ಪಾಲಿಶೂ ಅದರ ಜೊತೆಗೆ ಬರುವ ಸಾಧ್ಯತೆಯಿದೆ. ರಟ್ಟನ್ನು ಇನ್ನೊಬ್ಬರು ಕೈಯಿಂದ ಒತ್ತಿ ಹಿಡಿಯಲಿ.

ಅದಕ್ಕೂ ಬರದಿದ್ದರೆ ತಲೆಯನ್ನು ಕೊರೆದು ಹಾಕುವುದೇ ದಾರಿ. ಬಿಜಾಗರಿಗೆ ಸಾಮಾನ್ಯವಾಗಿ 6 ಅಥವಾ 8 ನಂಬರಿನ ತಿರುಪು ಹಾಕಿರುತ್ತಾರೆ. 6 ನಂಬರಿನ ತಿರುಪಿನ ಕುತ್ತಿಗೆ ಸುಮಾರು 3.5 ಮಿಲಿಮೀಟರ್, 8 ನಂಬರಿನದು 4.2 ಮಿಲಿಮೀಟರ್ ದಪ್ಪವಿರುತ್ತದೆ. ನೀವು ಈಗಾಗಲೇ ಬಿಚ್ಚಿದ ತಿರುಪನ್ನು ಅಳೆದು ಅದಕ್ಕೆ ಸರಿಯಾದ ಡ್ರಿಲ್ ಮೊನೆ ಆರಿಸಿಕೊಳ್ಳಿರಿ. ತಲೆಯ ನಟ್ಟನಡುವೆ ಮೊನೆಯಿಂದ ಒಂದು ಗುಳಿ ಮಾಡಿ, ಮೊದಲು 2 ಮಿಲಿಮೀಟರಿನ ಮೊನೆಯಿಂದ ದಾರಿ ಮಾಡಿಕೊಂಡು, ಆಮೇಲೆ ಕುತ್ತಿಗೆಯ ದಪ್ಪದ ಮೊನೆಯಿಂದ ನಿಧಾನಗತಿಯಲ್ಲಿ ಕೊರೆಯಿರಿ. ಕುತ್ತಿಗೆಯವರೆಗೆ ಇಳಿದೊಡನೆ ತಲೆ ಉಂಗುರದಂತೆ ಕಳಚುತ್ತದೆ. ಬಿಜಾಗರಿ ಸುರಕ್ಷಿತವಾಗಿ ಹೊರಗೆ ಬರುತ್ತದೆ, ಮರದಲ್ಲಿ ತಿರುಪಿನ ತುಂಡು ಮಾತ್ರ ಉಳಿಯುತ್ತದೆ. ಕೊರೆಯುವಾಗ ಉದುರುವ ಕಬ್ಬಿಣದ ಪುಡಿಯನ್ನು ಅರಿವೆಯಿಂದ ಒರೆಸಬಾರದು, ಪಾಲಿಶಿನ ಮೇಲೆ ಗೀರೇ ಗೀರು ಬೀಳುತ್ತದೆ. ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಮೇಲೆ ಆಡಿಸಿದರೆ ಎಲ್ಲವೂ ಅದಕ್ಕೆ ಅಂಟಿ ಬರುತ್ತದೆ. ಪುಡಿ ಹಾಗೆಯೇ ಉಳಿದು ತೇವ ತಾಗಿದರೂ ಮರಕ್ಕೆ ಕಪ್ಪು ಕಲೆ ಕೂರುತ್ತದೆ.

ತುಂಡು ಮರದ ಮಟ್ಟಕ್ಕಿಂತ ಸ್ವಲ್ಪ ಮೇಲಿದ್ದರೆ ಇಕ್ಕಳದಿಂದ ಹಿಡಿದು ತಿರುಗಿಸಬಹುದು. ತಗಡಿನ ಒತ್ತಡ ಹೋದ ಮೇಲೆ ಅದು ಎಷ್ಟೋ ಸಲ ಸುಲಭವಾಗಿ ಬರುತ್ತದೆ. ಮಟ್ಟಕ್ಕೆ ಸಮನಾಗಿದ್ದರೆ, ತಿರುಪಿನ ದಪ್ಪಕ್ಕಿಂತ ಒಂದಿಷ್ಟೇ ಅಗಲದ ಉಕ್ಕಿನ ಸಣ್ಣ ನಳಿಗೆಯನ್ನು ತೆಗೆದುಕೊಂಡು, ಅದರ ಬಾಯಿಗೆ ಅರದಿಂದ ಗರಗಸದಂತೆ ಹಲ್ಲು ಕಡಿದು, ಡ್ರಿಲ್ಲಿಗೆ ಸಿಕ್ಕಿಸಿ, ಬಿಚ್ಚುವ ದಿಕ್ಕಿಗೆ ತಿರುಗುವಂತೆ ಇಟ್ಟು ತುಂಡಿನ ಸುತ್ತ ಕೊರೆಯಬೇಕು. ಹಲ್ಲುಗಳನ್ನೂ ಆ ದಿಕ್ಕಿಗೇ ಕಡಿಯುವುದನ್ನು ಮರೆಯಬೇಡಿರಿ. ಕೊರೆಯುತ್ತಿರುವಾಗಲೇ ತುಂಡು ನಳಿಗೆಯೊಳಗೆ ಸಿಕ್ಕಿಕೊಂಡು ತಿರುಗಿ ಬರುವುದುಂಟು. ಆಗುವ ತೂತನ್ನು ಸಾಗವಾನಿಯ ಗೂಟದಿಂದ ತುಂಬಿರಿ. ಗೂಟದ ಎಳೆ ಮುಚ್ಚಳದ ಮರದ ಎಳೆಯ ದಿಕ್ಕಿನಲ್ಲಿಯೇ ಇರಬೇಕು, ಆಗ ಹೊಸ ತಿರುಪು ಗಟ್ಟಿಯಾಗಿ ಕಚ್ಚುತ್ತದೆ. ಬೆಂಕಿಕಡ್ಡಿ ತುಂಬಿ ಫೆವಿಕಾಲ್ ಸುರಿಯುವ ಪದ್ಧತಿ ಬಾಗಿಲಿಗೆ ಸಾಕಾದೀತು, ದಿನಕ್ಕೆ ಹತ್ತು ಸಲ ತೆರೆದು ಮುಚ್ಚುವ ಪೇಟಿಯ ಮುಚ್ಚಳಕ್ಕೆ ಸಾಲದು. ಈ ತೂತುಗಳೆಲ್ಲ ಬಿಜಾಗರಿಯ ಕೆಳಗೆ ಮುಚ್ಚಿಹೋಗುವುದರಿಂದ ಕಣ್ಣಿಗೆ ಬೀಳುವ ಭಯವಿಲ್ಲ.

ಮಾಳಮಡ್ಡಿ, ಧಾರವಾಡ

ಹಿತ್ತಾಳೆ ತೊಳೆಯುವ ವಿಚಾರದಲ್ಲಿ ಎರಡು ಮಾತು. ಬಿಚ್ಚಿದ ಸಾಮಾನುಗಳನ್ನು ಹುಣಸೆಹಣ್ಣು ಮತ್ತು ಉಪ್ಪಿನಿಂದ ತಿಕ್ಕಿ, ಚೆನ್ನಾಗಿ ತೊಳೆದು, ಒರೆಸಿ, ಬಿಸಿಲಿನಲ್ಲಿ ಒಣಗಿಸಿದರೆ ಸಾಕು. ಹುಬ್ಬಳ್ಳಿಯ ಕಂಚಗಾರ ಗಲ್ಲಿಗೆ ಹೋಗುವ ಅಗತ್ಯ ಬೀಳುವುದಿಲ್ಲ. ಅಯಸ್ಕಾಂತ ಹಿಡಿಯುವ ಸಾಮಾನು ಏನಾದರೂ ಇದ್ದರೆ ಅದಕ್ಕೆ ಹುಣಸೆಹಣ್ಣು ಮುಟ್ಟಿಸಬೇಡಿರಿ, ಮೇಲಿನ ತೆಳುವಾದ ಹಿತ್ತಾಳೆಯ ಲೇಪ ಹೋಗಿ ಕಬ್ಬಿಣ ಕಾಣುತ್ತದೆ. ಬಿಚ್ಚದೆ ಬಿಟ್ಟ ಮೂಲೆಯ ಪಟ್ಟಿಗಳಿಗೆ ಮಾತ್ರ ಹುಣಸೆಹಣ್ಣನ್ನಾಗಲಿ, ಹಿತ್ತಾಳೆಗೆ ಹೊಳಪು ಕೊಡುವ ಬ್ರಾಸೋವನ್ನಾಗಲಿ ಹಚ್ಚಬಾರದು. ಬ್ರಾಸೋದಂಥ ದ್ರವಗಳಲ್ಲಿ ಅಮೋನಿಯ ಇರುತ್ತದೆ, ಅರಗು ಅಮೋನಿಯಕ್ಕೆ ಕರಗುತ್ತದೆ. ಅದರ ಬಿಳಿ ಪುಡಿ ತಗಡಿನ ಅಂಚಿನಲ್ಲಿ ಕೂತರೆ ಮತ್ತೆ ಹೋಗುವುದೂ ಕಷ್ಟ. ಒಣ ಅರಿವೆಯಿಂದ ತಿಕ್ಕಿ, ಎಷ್ಟು ಹೊಳೆಯುತ್ತದೋ ಅಷ್ಟಕ್ಕೆ ಬಿಟ್ಟುಬಿಡಿರಿ. ಹೊಸ ಪಾತ್ರೆಯಂತೆ ಮಿಂಚುವ ಪಟ್ಟಿಗಳು ಆ ಕಪ್ಪುಗೆಂಪು ಮೈಗೆ ಚಂದವೂ ಕಾಣುವುದಿಲ್ಲ.

ಅಂಚಿನಲ್ಲಿ ಎಲ್ಲಾದರೂ ಪಾಲಿಶ್ ಚಕ್ಕೆ ಎದ್ದಿದ್ದರೆ ಧೈರ್ಯಗೆಡಬೇಡಿರಿ. ಅರಗಿನ ಪಾಲಿಶಿನ ಗುಣವೆಂದರೆ ಹೊಸ ಪದರ ಹಳೆಯ ಪದರವನ್ನು ಕರಗಿಸಿಕೊಂಡು ಅದರಲ್ಲಿ ಒಂದಾಗುತ್ತದೆ. ತೆಳ್ಳಗೆ ಕರಗಿಸಿದ ಅರಗನ್ನು ಸಣ್ಣ ಕುಂಚದ ತುದಿಯಿಂದ ಆ ಗುಳಿಗೆ ಮಾತ್ರ ಹನಿಸಿ, ಒಣಗಿದ ಮೇಲೆ ಮತ್ತೆ ಹನಿಸಿ, ಮಟ್ಟಕ್ಕೆ ಬಂದ ನಂತರ 1000 ನಂಬರಿನ ಪಾಲಿಶ್ ಕಾಗದದಿಂದ ಹಗುರವಾಗಿ ತಿಕ್ಕಬಹುದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಸಿದ್ಧ ದ್ರವವನ್ನು ಕೊಳ್ಳಬೇಡಿರಿ. ಕರಗಿಸಿ ಆರು ತಿಂಗಳು ದಾಟಿದ ಅರಗು ಸರಿಯಾಗಿ ಗಟ್ಟಿಯಾಗುವುದಿಲ್ಲ, ಬೆರಳಿಗೆ ಅಂಟುತ್ತಲೇ ಇರುತ್ತದೆ. ಅರಗಿನ ಚಕ್ಕೆಗಳನ್ನೇ ತಂದು ಬೇಕಾದಷ್ಟನ್ನು ಮಾತ್ರ ಕರಗಿಸಿಕೊಳ್ಳಿರಿ. ಗದಗಿನಲ್ಲಿ ಹವೆ ಒಣಗಿರುವುದು ನಿಮ್ಮ ಭಾಗ್ಯ. ಇಲ್ಲಿ ಧಾರವಾಡದಲ್ಲಿ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ಪಾಲಿಶ್ ಒಣಗುವಾಗಲೇ ಬೆಳ್ಳಗಾಗುತ್ತದೆ.

ರಾಣೇಬೆನ್ನೂರಿನಿಂದ

ಬಡಿಗೇರ ಮಾಸ್ತರರು ಹೇಳಿದ ಬಿರುಕಿನ ಮಾತು ನನಗೆ ಒಪ್ಪಿಗೆಯಾಯಿತು. ಮರಳಿ ಬಿಗಿಯುವಾಗ ತಿರುಪಿಗೆ ಗ್ರೀಸ್ ಹಚ್ಚಬೇಕೋ ಬೇಡವೋ ಎಂಬುದನ್ನೂ ತಿಳಿಸಿರಿ. ನಾವಂತೂ ಹಚ್ಚದೆ ಬಿಗಿಯುವುದಿಲ್ಲ.

ಹಳೇಹುಬ್ಬಳ್ಳಿ ಬಡಿಗೇರ

ಗ್ರೀಸ್ ಬೇಡ, ಅದೂ ಮರಕ್ಕೆ ಇಳಿಯುತ್ತದೆ. ಮೇಣದಬತ್ತಿಗೆ ತಿರುಪಿನ ಹಲ್ಲುಗಳನ್ನು ಉಜ್ಜಿದರೆ ಸಾಕು; ಒಳಗೆ ಹೋಗುವಾಗ ಜಾರುತ್ತದೆ, ಮುಂದೆ ತೇವವನ್ನೂ ದೂರವಿಡುತ್ತದೆ. ಹಳೆಯ ಕಬ್ಬಿಣದ ತಿರುಪುಗಳಲ್ಲಿ ಕಚ್ಚು ಗಟ್ಟಿಯಾಗಿರುವುವನ್ನು ತುಕ್ಕು ತಿಕ್ಕಿ, ಪ್ರತಿಯೊಂದನ್ನೂ ಅದು ಬಂದ ತೂತಿಗೇ ಹಾಕಿರಿ. ಕಡಿದ ಎರಡರ ಬದಲಿಗೆ ಹಿತ್ತಾಳೆಯ ಹೊಸ ತಿರುಪು ಹಾಕುವುದಾದರೆ, ಅದೇ ಅಳತೆಯ ಕಬ್ಬಿಣದ ತಿರುಪನ್ನು ಮೊದಲು ಹೊಸ ಗೂಟದಲ್ಲಿ ಒಮ್ಮೆ ಪೂರ್ತಿ ಇಳಿಸಿ ತೆಗೆದು ದಾರಿ ಮಾಡಿಟ್ಟುಕೊಂಡು, ಆಮೇಲೆ ಹಿತ್ತಾಳೆಯದನ್ನು ಕೈಯಿಂದಲೇ ಬಿಗಿಯಿರಿ. ನೇರವಾಗಿ ಹಿತ್ತಾಳೆಯದನ್ನೇ ಸಾಗವಾನಿಗೆ ಇಳಿಸಲು ಹೋದರೆ ಅರ್ಧದಾರಿಯಲ್ಲಿ ಅದೂ ಮುರಿಯುತ್ತದೆ. ಬಿರುಕಿಗೆ ಹಾಕಿದ ಅಂಟು ಒಂದು ಪೂರ್ತಿ ದಿನ ಒಣಗುವವರೆಗೆ ಮುಚ್ಚಳವನ್ನು ಪೆಟ್ಟಿಗೆಗೆ ಕೂಡಿಸಬೇಡಿರಿ.